ಉಂಡ ಮೇಲೆ ಕೇಳುವವನು

ಮಕ್ಕಳಿಗೆ ಕಥೆಯೊಳಗಿನ ಮನುಷ್ಯರ ಗುರುತು ಹಿಡಿಯಲು ಕಲಿಸಿದ ಮೇಷ್ಟ್ರು ಎಂದು ಯಾರಾದರೂ ನನ್ನನ್ನು ಹೊಗಳಿದರೆ ಮೈ ಉರಿಯುತ್ತದೆ. ನಿವೃತ್ತಿಯ ದಿನ ಒಬ್ಬರು ಶಾಲು ಹೊದಿಸಿ ಹಾಗೆಯೇ ಹೊಗಳಿದರು. ಆ ಶಾಲನ್ನು ಮಡಚಿ ಪೆಟ್ಟಿಗೆಗೆ ಹಾಕಿದವನು ಮತ್ತೆ ತೆಗೆಯಲಿಲ್ಲ. ಆ ವಿದ್ಯೆಯಿಂದ ಯಾರ ಮನೆಯೂ ಉದ್ಧಾರವಾಗಲಿಲ್ಲ. ಆದದ್ದು ಏನು ಎಂಬುದನ್ನು ಮಾತ್ರ ನಾನು ಕಣ್ಣಾರೆ ನೋಡಿದ್ದೇನೆ.

ಅರವತ್ತರ ದಶಕದ ಮೊದಲ ವರ್ಷಗಳು. ಸಾಗರದವನಾದ ನನ್ನನ್ನು ಹೊಸನಗರ ತಾಲ್ಲೂಕಿನ ಹೊಳೆದಂಡೆಯ ಒಂದು ಹಳ್ಳಿಯ ಶಾಲೆಗೆ ಹಾಕಿದ್ದರು. ಆಗಷ್ಟೇ ಟ್ರೈನಿಂಗ್ ಮುಗಿಸಿದ್ದೆ. ಲೋಕವನ್ನೇ ತಿದ್ದಿಬಿಡುತ್ತೇನೆ ಎಂಬ ಹುಮ್ಮಸ್ಸು, ತಲೆಗೆ ಎಣ್ಣೆ, ಕಂಕುಳಲ್ಲಿ ಕೊಡೆ. ಮಕ್ಕಳು ಪುಸ್ತಕದ ಕಥೆಗಳನ್ನು ಗಿಳಿಯ ಹಾಗೆ ಒಪ್ಪಿಸುತ್ತಿದ್ದರು. ಈ ಕಥೆಯಲ್ಲಿ ಒಳ್ಳೆಯವನು ಯಾರು, ಮೋಸಗಾರ ಯಾರು, ಹೇಗೆ ತಿಳಿಯಿತು ಎಂದು ಕೇಳಿದರೆ ಮಾತ್ರ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಗುತ್ತಿತ್ತು.

ಅದೇ ಮಕ್ಕಳು ಬಯಲಾಟಕ್ಕೆ ಹೋದರೆ ಪಂಡಿತರು. ತೆರೆಯ ಹಿಂದೆ ಅಬ್ಬರಿಸುವ ಕೂಗು ಕೇಳಿದರೆ ಸಾಕು, ಬರುವವನು ಬಣ್ಣದ ವೇಷ, ಎಂದರೆ ರಾಕ್ಷಸ ಎಂದು ಮುಖ ಕಾಣುವ ಮೊದಲೇ ಹೇಳುತ್ತಿದ್ದರು. ಕಿರೀಟ ನೋಡಿ ರಾಜನನ್ನು ಹೇಳುತ್ತಿದ್ದರು, ನಡಿಗೆ ನೋಡಿ ಹಾಸ್ಯಗಾರನನ್ನು ಹೇಳುತ್ತಿದ್ದರು. ನಾನು ಅಲ್ಲಿಂದಲೇ ಶುರುಮಾಡಿದೆ. ಆಲೆಮನೆಯಲ್ಲಿ ಒಂದೇ ಅಚ್ಚಿನಿಂದ ಎಷ್ಟೋ ಬೆಲ್ಲ ಬೀಳುವ ಹಾಗೆ ಕಥೆಯ ಮನುಷ್ಯರೂ ಕೆಲವೇ ಅಚ್ಚುಗಳಿಂದ ಬೀಳುತ್ತಾರೆ ಎಂದೆ. ನೆರವಿಗೆ ಬರುವವನು, ದಾರಿಗೆ ಅಡ್ಡ ನಿಲ್ಲುವವನು, ನಂಬಿಸಿ ಕೈಕೊಡುವವನು. ಆದರೆ ಪುಸ್ತಕದಲ್ಲಿ ಇವರ ಮುಖಕ್ಕೆ ಬಣ್ಣ ಇರುವುದಿಲ್ಲ. ಬಂದವನು ಏನು ಕೇಳಿದ, ಅವನು ಹೋದ ಮೇಲೆ ಯಾರ ಕೈ ಬರಿದಾಯಿತು ಎಂದು ನೋಡಬೇಕು ಎಂದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಬೋರ್ಡಿನ ಮೇಲೂ ಬರೆದೆ. ಅದನ್ನೂ ಬಾಯಿಪಾಠ ಮಾಡಿದರು.

ಒಂದು ದಿನ ನಾನೇ ಕಟ್ಟಿದ ಕಥೆಯೊಂದನ್ನು ಹೇಳಿದೆ. ಕಾಡಂಚಿನ ಮನೆಗೆ ಒಬ್ಬ ಜೋಗಿ ಬರುತ್ತಾನೆ. ಎಲ್ಲರನ್ನೂ ನಗಿಸುತ್ತಾನೆ, ಮನೆಯ ನಾಯಿಯ ತಲೆಯನ್ನೂ ಸವರುತ್ತಾನೆ, ಹೊಟ್ಟೆತುಂಬ ಉಣ್ಣುತ್ತಾನೆ. ಏಳುವಾಗ ಹಟ್ಟಿಯಲ್ಲಿದ್ದ ಒಂದೇ ಹಸುವನ್ನು ಕೇಳುತ್ತಾನೆ. ಇವನು ಯಾವ ಅಚ್ಚು? ಭಕ್ತ ಎಂದರು ಕೆಲವರು, ಋಷಿ ಎಂದರು ಕೆಲವರು. ಬಾಗಿಲ ಬಳಿ ಕೂರುತ್ತಿದ್ದ ಒಬ್ಬಳು ಹುಡುಗಿ ಎದ್ದಳು. ಗೇಣಿ ಒಕ್ಕಲಿನವನ ಮಗಳು. ಏಳನೇ ಕ್ಲಾಸಿನವರೆಗೆ ಬಂದಿದ್ದ ಆ ಮನೆಯ ಮೊದಲ ಕೂಸು.

"ಅವ್ನು ಕಳ್ಳ, ಮೇಷ್ಟ್ರೆ. ಉಂಡ ಮೇಲೆ ಕೇಳಿದ್ನಲ್ಲ. ಮೊದ್ಲೇ ಕೇಳಿದ್ರೆ ಇಲ್ಲ ಅನ್ಬಹುದಿತ್ತು."

ನನಗೆ ಆ ದಿನ ಆದ ಸಂತೋಷ ಅಷ್ಟಿಷ್ಟಲ್ಲ. ಆ ಅಚ್ಚಿಗೆ ನಮ್ಮ ಕ್ಲಾಸಿನಲ್ಲಿ ಉಂಡ ಮೇಲೆ ಕೇಳುವವನು ಎಂದೇ ಹೆಸರಾಯಿತು. ಈ ಹುಡುಗಿಯನ್ನು ಹೈಸ್ಕೂಲು ಮುಟ್ಟಿಸಿಯೇ ತೀರಬೇಕು ಎಂದು ನಾನು ಅಂದೇ ಮನಸ್ಸಿನಲ್ಲಿ ನಿಶ್ಚಯಿಸಿಕೊಂಡೆ. ಮೇಷ್ಟ್ರುಗಳ ನಿಶ್ಚಯಕ್ಕೆ ಎಷ್ಟು ಬೆಲೆ ಎಂಬುದು ಆಗ ಗೊತ್ತಿರಲಿಲ್ಲ.

ಅಷ್ಟರಲ್ಲಿ ಮುಳುಗಡೆಯ ಮಾತು ಗಟ್ಟಿಯಾಯಿತು. ಕೆಳಗೆ ಅಣೆಕಟ್ಟು ಏಳುತ್ತಿತ್ತು. ಇನ್ನೊಂದು ಮಳೆಗಾಲಕ್ಕೆ ನಮ್ಮ ಹಳ್ಳಿಯೂ ನೀರಿನಡಿ ಎಂದು ಗುರುತಿನ ಕಲ್ಲು ನೆಟ್ಟು ಹೋದರು. ಅಧಿಕಾರಿ ಬಂದು ವಿಚಾರಣೆ ಮಾಡುತ್ತಾರೆ, ಈ ಗದ್ದೆಯನ್ನು ಗೇಣಿಗೆ ಉಳುವವನು ನಾನು ಎಂದು ಅವರೆದುರು ಹೇಳಿದರೆ ಒಕ್ಕಲಿಗೂ ಬೇರೆ ಕಡೆ ಭೂಮಿ ಸಿಗಬಹುದು ಎಂಬ ಸುದ್ದಿ ಊರಲ್ಲಿತ್ತು. ಹುಡುಗಿಯ ಅಪ್ಪನ ಪಾಲಿಗೆ ಇದ್ದ ಆಸೆ ಅದೊಂದೇ. ಭೂಮಿ ಸಿಕ್ಕರೆ ಮನೆ ನಿಲ್ಲುತ್ತದೆ, ಮನೆ ನಿಂತರೆ ಹುಡುಗಿ ಶಾಲೆಯಲ್ಲಿ ಉಳಿಯುತ್ತಾಳೆ. ಇಲ್ಲವಾದರೆ ತಂದೆ ತಾಯಿಯ ಜೊತೆ ಅವಳೂ ಕಂಡವರ ತೋಟದ ಕೂಲಿಗೆ ಹೋಗಬೇಕು.

ಆ ಗದ್ದೆಯ ಒಡೆಯರು ಇಬ್ಬರು ಅಣ್ಣತಮ್ಮಂದಿರು. ಅಣ್ಣ ಕೆಂಗಣ್ಣಿನ ಮನುಷ್ಯ, ಗೇಣಿ ತಡವಾದರೆ ಅಂಗಳದಲ್ಲಿ ನಿಂತು ಊರಿಗೆಲ್ಲ ಕೇಳುವಂತೆ ಬೈಯುತ್ತಿದ್ದ. ತಮ್ಮನನ್ನು ಎಲ್ಲರೂ ಸಣ್ಣೊಡೇರು ಎನ್ನುತ್ತಿದ್ದರು. ಬಿಳಿ ಬಟ್ಟೆ, ಮೆಲು ಮಾತು, ಮಕ್ಕಳನ್ನು ಕಂಡರೆ ಕಿಸೆಯಿಂದ ಪೆಪ್ಪರ್‌ಮೆಂಟು. ನನ್ನ ಪಾಠದ ಅಮಲೇರಿದ ಮಕ್ಕಳು ಅಣ್ಣನನ್ನು ಬಣ್ಣದ ವೇಷವೆಂದೂ ತಮ್ಮನನ್ನು ನೆರವಿಗೆ ಬರುವವನೆಂದೂ ವಿಂಗಡಿಸಿಬಿಟ್ಟಿದ್ದರು. ನಾನೂ ನಕ್ಕಿದ್ದೆ.

ವಿಚಾರಣೆಗೆ ಕೆಲವೇ ದಿನ ಇರುವಾಗ ಸಣ್ಣೊಡೇರು ಹುಡುಗಿಯ ಮನೆಗೆ ಬಂದು ಊಟ ಮಾಡಿದರು.

ಇದು ಏನು ಎಂದು ಈಗಿನವರಿಗೆ ಹೇಳಿದರೆ ಅರ್ಥವಾಗುವುದು ಕಷ್ಟ. ಒಡೆಯರ ಮನೆಗೆ ಒಕ್ಕಲಿನವರು ಹೋದರೆ ಅಂಗಳದ ಅಂಚಿನಲ್ಲಿ ನಿಲ್ಲಬೇಕು. ಬಾಯಾರಿದರೆ ಮೇಲಿನಿಂದ ಹೊಯ್ದ ನೀರನ್ನು ಬೊಗಸೆಯಲ್ಲಿ ಹಿಡಿದು ಕುಡಿಯಬೇಕು. ಒಡೆಯರು ಒಕ್ಕಲಿನ ಮನೆಯತ್ತ ಬಂದರೂ ಹೊಸ್ತಿಲು ದಾಟಿದ್ದಿಲ್ಲ. ಅಂಥ ಮನೆತನದವರು ತಾವಾಗಿಯೇ ತಲೆ ಬಗ್ಗಿಸಿ ಒಳಗೆ ಹೋದರು, ಮದುವೆಗೆಂದು ಅಟ್ಟದಲ್ಲಿ ಎತ್ತಿಟ್ಟಿದ್ದ ಹೊಸ ಚಾಪೆಯ ಮೇಲೆ ಕೂತರು, ಕೆಂಪಕ್ಕಿ ಅನ್ನ, ಕೆಸುವಿನ ಸಾರನ್ನು ಕೇಳಿ ಹಾಕಿಸಿಕೊಂಡು ಉಂಡರು. ಆ ಮನೆಯ ಹೆಂಗಸರು ಸಂತೋಷಕ್ಕೆ ಅತ್ತರಂತೆ. ಕೈ ತೊಳೆದ ಮೇಲೆ ಸಣ್ಣೊಡೇರು ವಿಷಯ ತೆಗೆದರು. ನೀನು ಗೇಣಿದಾರ ಎಂದು ಹೇಳಿದರೆ ಅಣ್ಣ ಕೋರ್ಟಿಗೆ ಹೋಗುತ್ತಾನೆ, ಯಾರಿಗೂ ಏನೂ ಸಿಗದ ಹಾಗೆ ಮಾಡುತ್ತಾನೆ. ಕೂಲಿಯವನು ಎಂದು ಹೇಳು. ಬದಲಿ ಭೂಮಿ ಒಟ್ಟಿಗೆ ನಮ್ಮ ಹೆಸರಿಗೆ ಬರಲಿ, ಅಲ್ಲಿಗೆ ಹೋದ ಮೇಲೆ ನಿನ್ನ ಪಾಲಿನ ಗದ್ದೆಯನ್ನು ನಾನೇ ನಿನ್ನ ಕೈಗೆ ಕೊಡುತ್ತೇನೆ.

ಮರುದಿನ ಹುಡುಗಿ ಶಾಲೆ ಬಾಗಿಲು ತೆಗೆಯುವ ಮೊದಲೇ ಬಂದು ಜಗಲಿಯಲ್ಲಿ ನಿಂತಿದ್ದಳು. ನಡೆದದ್ದನ್ನೆಲ್ಲ ಹೇಳಿ, ಇದು ಅದೇ ಅಚ್ಚಲ್ಲವೇ ಎಂದು ಕೇಳಿದಳು. ಅಪ್ಪನಿಗೆ ಹೇಳಿದೆಯಾ ಎಂದೆ. ಹೇಳಿದ್ದಕ್ಕೆ ಕೆನ್ನೆಗೆ ಬಿದ್ದಿತ್ತು. ಶಾಲೆಗೆ ಹೋಗಿ ಕಲಿತದ್ದು ಉಂಡವರನ್ನು ಆಡಿಕೊಳ್ಳುವುದನ್ನಾ ಎಂದು ಅಪ್ಪ ಬೈದಿದ್ದ.

ಅವತ್ತೇ ಸಂಜೆ ನಾನು ಹುಡುಗಿಯ ಮನೆಗೆ ಹೋಗಿ ಅಂಗಳದಲ್ಲೇ ನಿಂತು ಅವಳ ಅಪ್ಪನ ಜೊತೆ ವಾದ ಮಾಡಿದೆ. ಹೇಳುವ ರೀತಿಯಲ್ಲೆಲ್ಲ ಹೇಳಿದೆ. ಅವನು ಕೈಕಟ್ಟಿ ಕೇಳಿಸಿಕೊಂಡ. ನನ್ನ ಮೇಲೆ ಅವನಿಗೆ ಸಿಟ್ಟಿರಲಿಲ್ಲ, ಕನಿಕರವೇ ಇದ್ದಂತಿತ್ತು.

"ನಮ್ಮ ಮನೆ ಅನ್ನ ಉಂಡಿದಾರೆ ಮೇಷ್ಟ್ರೆ," ಎಂದ. "ಅನ್ನ ಉಂಡೋರು ಕೈ ಬಿಡ್ತ್ರಾ?"

ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡಂತಾಯಿತು. ತಲೆತಲಾಂತರದಿಂದ ಯಾರೂ ಕೊಡದ ಮರ್ಯಾದೆಯನ್ನು ಒಬ್ಬ ಒಂದು ಹೊತ್ತಿನ ಊಟದಲ್ಲಿ ಕೊಟ್ಟು ಹೋಗಿದ್ದ. ಅದರ ಮುಂದೆ ನನ್ನ ತರ್ಕ ಯಾವ ಲೆಕ್ಕ? ಬೈಯುವ ಅಣ್ಣನೇ ಬಂದು ಕೇಳಿದ್ದರೆ ಅವನು ಒಪ್ಪುತ್ತಿರಲಿಲ್ಲ. ಅದಕ್ಕೇ ಅಣ್ಣ ಬರಲಿಲ್ಲ.

ವಿಚಾರಣೆ ನಮ್ಮ ಶಾಲೆಯ ಜಗಲಿಯಲ್ಲೇ ನಡೆಯಿತು. ಪಾಠ ನಿಲ್ಲಿಸಿ ನನ್ನ ಮೇಜನ್ನು ಅಧಿಕಾರಿಗೆ ಬಿಟ್ಟುಕೊಟ್ಟೆ. ಅವರು ಸಭ್ಯ ಮನುಷ್ಯ, ಯಾರ ಮೇಲೂ ದನಿ ಎತ್ತಲಿಲ್ಲ. ಹುಡುಗಿಯ ಅಪ್ಪನ ಸರದಿ ಬಂತು. ಹೆಗಲ ಮೇಲಿನ ಟವೆಲ್ಲನ್ನು ಸೊಂಟಕ್ಕೆ ಸುತ್ತಿ ನಿಂತ. ಗೇಣಿದಾರನಾ ಎಂದು ಅಧಿಕಾರಿ ಕೇಳಿದರು.

"ಅಲ್ಲ ಸ್ವಾಮಿ. ನಾವು ಒಡೇರ ಮನೆ ಕೂಲಿಯೋರು."

ಇವನ ಅಜ್ಜನ ಕಾಲದಿಂದ ಆ ಗದ್ದೆಯನ್ನು ಉಳುವವರು ಇವರೇ ಎಂದು ನಾನು ನಡುವೆ ಬಾಯಿ ಹಾಕಿದೆ. ಅವನೇ ಅಲ್ಲ ಎನ್ನುತ್ತಿರುವಾಗ ನಾನು ಏನು ಬರೆದುಕೊಳ್ಳಲಿ ಎಂದು ಅಧಿಕಾರಿ ಬೇಸರದಿಂದಲೇ ಕೇಳಿದರು. ಮೇಷ್ಟ್ರು ಊರಿಗೆ ಹೊಸಬರು ಎಂದು ಸಣ್ಣೊಡೇರು ನಗುತ್ತ ಹೇಳಿದರು. ಹುಡುಗಿ ಕಿಟಕಿಯ ಸರಳು ಹಿಡಿದು ಒಳಗಿನಿಂದ ನೋಡುತ್ತಿದ್ದಳು. ಅಪ್ಪ ಸಣ್ಣೊಡೇರ ಕಡೆ ತಿರುಗಿ, ಸರಿಯಾಗಿ ಹೇಳಿದೆನಾ ಎಂಬಂತೆ ನೋಡಿದ.

ಒಡೆಯರ ಮನೆಯವರು ಮಳೆಗೆ ಮುಂಚೆಯೇ ಬದಲಿ ಭೂಮಿಯ ಕಡೆ ಹೋದರು. ಒಕ್ಕಲಿಗೆ ಕರೆ ಬರಲಿಲ್ಲ. ಕೊನೆಗೆ ಇವರು ತೀರ್ಥಹಳ್ಳಿ ಕಡೆ ನೆಂಟರಿದ್ದಾರೆಂದು ಕವಲೇದುರ್ಗದ ಬುಡದ ಒಂದು ಊರಿಗೆ ಹೊರಟರು. ಗಾಡಿಗೆ ಪಾತ್ರೆ, ನೊಗ, ಮಡಿಕೆ ಏರಿಸುತ್ತಿದ್ದರು. ಉಳಲು ಗದ್ದೆಯೇ ಇಲ್ಲದವನು ನೊಗವನ್ನು ಎಷ್ಟು ಜೋಪಾನವಾಗಿ ಕಟ್ಟುತ್ತಿದ್ದ! ಹುಡುಗಿ ನನ್ನ ಬಳಿ ಬಂದು ನಿಂತಳು. ಏಳನೇ ಕ್ಲಾಸಿನ ಪರೀಕ್ಷೆಗೆ ಅವಳು ಇನ್ನೂ ಕೂತಿರಲಿಲ್ಲ.

"ಗುರುತು ಹಿಡಿಯೋದು ಹೇಳ್ಕೊಟ್ರಿ ಮೇಷ್ಟ್ರೆ," ಎಂದಳು. "ಹಿಡಿದ ಮೇಲೆ ಎಂತ ಮಾಡ್ಬೇಕು ಅಂತ ಹೇಳ್ಲೇ ಇಲ್ಲ."

ಟ್ರೈನಿಂಗಿನಲ್ಲಿ ಅದನ್ನು ಯಾರೂ ಹೇಳಿರಲಿಲ್ಲ, ಯಾವ ಪುಸ್ತಕದಲ್ಲೂ ಇರಲಿಲ್ಲ. ಚೆನ್ನಾಗಿ ಓದಿಕೋ ಎಂದೋ ಏನೋ ಗೊಣಗಿದೆ. ಆ ವರ್ಷದ ಮಳೆಗೆ ನೀರು ಶಾಲೆಯ ಮೆಟ್ಟಿಲು ಹತ್ತಿತು.

ನನಗೆ ತೀರ್ಥಹಳ್ಳಿಗೆ ವರ್ಗವಾಯಿತು. ಅಲ್ಲೇ ಇದ್ದ ಅಕ್ಕನ ಮನೆಯಲ್ಲಿ ಉಳಿದುಕೊಂಡೆ. ಹುಡುಗಿಯ ವಿಷಯವನ್ನು ಮತ್ತೆ ಮತ್ತೆ ಹೇಳಿ ಅಕ್ಕನ ತಲೆ ತಿಂದಿದ್ದೆ. ಕಡೆಗೆ ಅಕ್ಕ, ಅವಳನ್ನು ಕರೆದುಕೊಂಡು ಬಾ, ಇಲ್ಲಿದ್ದುಕೊಂಡೇ ಓದಲಿ ಎಂದಳು. ಮರುವರ್ಷದ ಬೇಸಿಗೆಯಲ್ಲಿ ನಾನು ಬಸ್ಸು ಹಿಡಿದು, ಇಳಿದು, ಕವಲೇದುರ್ಗದ ದಾರಿಯಲ್ಲಿ ನಡೆದು ಅವರ ಬಿಡಾರ ಹುಡುಕಿದೆ. ದಾರಿಯುದ್ದಕ್ಕೂ ಮನಸ್ಸು ಹಗುರವಾಗಿತ್ತು. ಒಂದಾದರೂ ಕೆಲಸ ಸರಿಯಾಗುತ್ತದೆ ಎಂದುಕೊಂಡಿದ್ದೆ.

ಬೇರೆಯವರ ತೋಟದ ಅಂಚಿನಲ್ಲಿ ಅಡಿಕೆ ಸೋಗೆ ಹೊದಿಸಿದ ಗುಡಿಸಲು. ಅಪ್ಪ ಸೊರಗಿದ್ದ, ತಾಯಿ ಕೂಲಿಗೆ ಹೋಗಿದ್ದಳು. ಹುಡುಗಿ ಉದ್ದವಾಗಿದ್ದಳು, ಅಂಗೈ ಒರಟಾಗಿತ್ತು. ನನ್ನನ್ನು ಕಂಡು ಅಪ್ಪನಿಗೆ ಹಿಡಿಸಲಾರದಷ್ಟು ಸಂತೋಷ. ಚಾಪೆ ಹಾಸು ಎಂದು ಮಗಳಿಗೆ ಹೇಳಿದ. ಅವಳು ಒಳಗಿನಿಂದ ತಂದು ಹಾಸಿದಳು.

"ಇದೇ ಚಾಪೆ ಮೇಷ್ಟ್ರೆ, ಸಣ್ಣೊಡೇರು ಕೂತು ಉಂಡಿದ್ದು," ಎಂದ ಅವನು, ಕೈಯಿಂದ ಸವರಿ. "ಅವ್ರು ಮೋಸ ಮಾಡೋರಲ್ಲ. ಆಫೀಸ್ನೋರೇ ಎಂತದೋ ಮಾಡಿರ್ಬೇಕು."

ನಾನು ಚಾಪೆಯ ಮೇಲೆ ಕೂತೆ. ಹಿಂದಿನ ಊರಿನಲ್ಲಿ ಅಂಗಳದಲ್ಲೇ ನಿಂತು ಮಾತಾಡಿದವನು ನಾನು, ಈ ಸಲ ಉಣ್ಣದೆ ಏಳಲು ಮನಸ್ಸಾಗಲಿಲ್ಲ. ಗಂಜಿ, ಸುಟ್ಟ ಮೆಣಸು, ಉಪ್ಪಿನಕಾಯಿ. ಹುಡುಗಿಯೇ ಬಡಿಸಿದಳು. ಉಂಡು ಹೊರಗೆ ಬಂದಾಗ ಚೊಂಬಿನಿಂದ ಕೈಗೆ ನೀರು ಹೊಯ್ದಳು. ಹೊಯ್ಯುತ್ತಲೇ ಕೇಳಿದಳು.

"ಉಂಡಾಯ್ತಲ್ಲ ಮೇಷ್ಟ್ರೆ. ಈಗ ಎಂತ ಕೇಳ್ತೀರಿ?"

ನಾನು ಕೇಳಲೆಂದೇ ಬಂದಿದ್ದೆ. ಆ ಮನೆಯಲ್ಲಿ ಉಳಿದಿದ್ದ ಒಂದೇ ಒಂದನ್ನು ಕೇಳಲು ಬಂದಿದ್ದೆ. ತಡವರಿಸುತ್ತ ಅಕ್ಕನ ಮನೆಯ ವಿಷಯ ಹೇಳಿದೆ, ಶಾಲೆಯ ವಿಷಯ ಹೇಳಿದೆ. ನನ್ನ ದನಿ ನನಗೇ ಸಣ್ಣೊಡೇರ ದನಿಯಷ್ಟು ಮೆತ್ತಗೆ ಕೇಳಿಸಿತು. ಬಾಗಿಲಲ್ಲಿ ನಿಂತಿದ್ದ ಅಪ್ಪ ಎಲ್ಲ ಕೇಳಿಸಿಕೊಂಡು ತಲೆಯಾಡಿಸಿದ.

"ಮೇಷ್ಟ್ರು ನಮ್ಮನೇಲಿ ಉಂಡಿದಾರೆ. ಇಲ್ಲ ಅನ್ಲಿಕ್ಕೆ ಆಗ್ತದಾ? ಕರ್ಕೊಂಡು ಹೋಗಿ."

ಹುಡುಗಿ ಅಪ್ಪನನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾಲ್ಕು ಜನ ಹೊರಡಿಸಿದರೂ ಹೊರಡುವವಳ ನೋಟವಲ್ಲ ಅದು.

"ನಾ ಬರೂದಿಲ್ಲ," ಎಂದಳು.

ನಾನು ಮತ್ತೆ ಹೇಳಿದೆ, ಅಪ್ಪ ಬೈದ, ಬೇಡಿಕೊಂಡ. ಅವಳು ಒಳಗೆ ಹೋಗಿ ಚಾಪೆಯನ್ನು ಕೊಡವಿ ಸುತ್ತಿದಳು. ಗುರುತು ಹಿಡಿದ ಮೇಲೆ ಏನು ಮಾಡಬೇಕು ಎಂಬುದನ್ನು ತಾನಾಗಿಯೇ ಕಲಿತುಕೊಂಡಿದ್ದಳು. ನಾನು ಬಸ್ಸು ಹಿಡಿದು ತೀರ್ಥಹಳ್ಳಿಗೆ ಬಂದಾಗ ಅಕ್ಕ ನಡುಮನೆಯ ಮೂಲೆಯಲ್ಲಿ ಅವಳಿಗೆಂದು ಹಾಸಿಗೆ ಹಾಸಿಟ್ಟಿದ್ದಳು.