ಉಡಿಯಲ್ಲಿ ಹೋದ ಅಕ್ಕಿ

ಗೆಳತಿಯೊಬ್ಬಳು ಒಳ್ಳೆಯ ಕೆಲಸ ಮಾಡಿದಳೆಂಬ ಕಾರಣಕ್ಕೇ ನಿಮಗೆ ಎಂದಾದರೂ ಹೊಟ್ಟೆ ಉರಿದಿದೆಯೇ? ನನಗೆ ಉರಿದಿದೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾಟಕ ಕಂಪನಿಗಳು ಒಂದೊಂದಾಗಿ ಮುಚ್ಚುತ್ತಿದ್ದವು. ಬಣ್ಣ ಹಚ್ಚಿ ಬದುಕಿದವರಿಗೆ ಬೇರೆ ಕಸುಬು ತಿಳಿಯದು. ಅಂಥವರಿಗಾಗಿ ಬೆಳಗಾವಿಯಲ್ಲಿ ನಾವು ಕೆಲವು ಹೆಂಗಸರು ಸಹಾಯ ಸಮಿತಿ ಕಟ್ಟಿದೆವು. ಅನಗೋಳದ ನಮ್ಮ ಪಡಸಾಲೆಯೇ ಕಚೇರಿ. ಮನೆಮನೆ ತಿರುಗಿ ಕಾಳುಕಡಿ ಕೂಡಿಸಿದವಳು ನಾನು; ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾಲಿಗೆ ನನ್ನದು. ಆ ಸ್ಪರ್ಧೆಗಳಲ್ಲಿ ನನಗೆ ಸದಾ ಸೋಲುತ್ತಿದ್ದ ಸಹಪಾಠಿ, ಆ ಗೆಳತಿಯೂ ಸಮಿತಿಯಲ್ಲಿದ್ದಳು. ಅವಳ ಮನೆ ಊರಿನ ಕ್ಯಾಂಪ್ ಬಡಾವಣೆಯಲ್ಲಿ. ಸಭೆಗಳಲ್ಲಿ ಅವಳು ಹೆಚ್ಚು ಮಾತನಾಡುತ್ತಿರಲಿಲ್ಲ.

ಖಾನಾಪುರದಲ್ಲಿ ಒಬ್ಬ ಹಳೆಯ ನಟಿ ಇದ್ದರು. ಮೊಣಕಾಲು ನೋವಿನಿಂದ ರಂಗ ಬಿಟ್ಟವರು, ಒಪ್ಪೊತ್ತಿನ ಊಟಕ್ಕೆ ಇಳಿದಿದ್ದರು. ಕಲಾವಿದರಿಗೆ ಕೊಡುವುದು ಭಿಕ್ಷೆಯಲ್ಲ, ಸಮಾಜದ ಕರ್ತವ್ಯ. ಕರ್ತವ್ಯ ಬಹಿರಂಗವಾಗಿಯೇ ನಡೆಯಬೇಕು ಎಂಬುದು ನನ್ನ ವಾದ. ಆದ್ದರಿಂದ ನಮ್ಮ ಸಭೆಗೆ ಬಂದು ಎಲ್ಲರೆದುರು ಅಕ್ಕಿ ಸ್ವೀಕರಿಸಬೇಕೆಂದು ಅವರ ಮನೆಗೇ ಹೋಗಿ ಕೇಳಿದೆ.

"ಬಣ್ಣಾ ಹಚ್ಚದ ನಾ ಸ್ಟೇಜ್ ಹತ್ತಂಗಿಲ್ರೀ ಬಾಯಾರ," ಎಂದರು. ಮನೆಗೇ ಕಳಿಸುತ್ತೇನೆಂದರೆ ಅದೂ ಬೇಡವೆಂದರು.

ಮುಂದಿನ ಶುಕ್ರವಾರ ಗೆಳತಿ ತನ್ನ ಮನೆಗೆ ಅರಿಸಿನ-ಕುಂಕುಮಕ್ಕೆ ಕರೆದಳು. ಬರುವಾಗ ಸಮಿತಿಯ ಅಕ್ಕಿಯ ಚೀಲ ತಾ ಎಂದಿದ್ದಳು. ಹೋಗಿ ನೋಡಿದರೆ ನೆರೆಮನೆಯ ಹೆಂಗಸರ ನಡುವೆ ಆ ನಟಿ ಕುಳಿತಿದ್ದರು. ನಾಟಕದ ಹೆಣ್ಣುಮಕ್ಕಳನ್ನು ಗೃಹಸ್ಥರ ಮನೆಯವರು ಹೀಗೆ ಕರೆಯುತ್ತಿರಲಿಲ್ಲ. ಗೆಳತಿ ಅವರ ಹಣೆಗೆ ಕುಂಕುಮವಿಟ್ಟು, ಅವರು ಒಡ್ಡಿದ ಸೆರಗಿಗೆ ತೆಂಗಿನಕಾಯಿ, ಕುಬಸದ ಖಣ ಇಟ್ಟು, ನಾನು ಹೊತ್ತು ತಂದ ಅಕ್ಕಿಯನ್ನೇ ಸೇರುಗಟ್ಟಲೆ ಸುರಿದು ಉಡಿ ತುಂಬಿದಳು.

"ನಾಟಕದಾಗ ಭಾಳ ಸಲ ನನ್ನ ಉಡಿ ತುಂಬ್ಯಾರವ್ವಾ, ಬರೇ ಭತ್ತದ ಹೊಟ್ಟು ಹಾಕಿ," ಎಂದರು ನಟಿ. "ಮನಿಯೊಳಗ ಕರದು ತುಂಬಿದಾಕಿ ನೀನ ಮೊದಲು."

ನಾನು ದೂರದ ಮರ್ಯಾದೆಯ ‘ಬಾಯಾರ’, ಅವಳು ಮನೆಯವಳಂತೆ ‘ಅವ್ವಾ’.

ಎಲ್ಲರೂ ಹೋದ ಮೇಲೆ, ಅಕ್ಕಿ ಸಮಿತಿಯದೆಂದು ಒಂದು ಮಾತು ಹೇಳಬಹುದಿತ್ತಲ್ಲ ಎಂದು ಗೆಳತಿಯನ್ನು ಕೇಳಿದೆ.

"ಹೇಳಿದ್ರ ಅವರು ತೊಗೋತಿದ್ದಿಲ್ಲ. ನಿನಗ ಬೇಕಾದ್ರ ಈಗ ಭಾಷಣಾ ಮಾಡು, ನಾ ಒಬ್ಬಾಕಿನ ಕುಂತು ಚಪ್ಪಾಳಿ ತಟ್ತೀನಿ."

ಖಾಲಿ ಚೀಲ ಮಡಚಿಕೊಂಡು ಮನೆಗೆ ಬಂದೆ. ಆಮೇಲೆ ಪ್ರತಿ ತಿಂಗಳೂ ಅಕ್ಕಿಯ ಚೀಲವನ್ನು ಕ್ಯಾಂಪಿಗೆ ಒಯ್ದೆ. ಪ್ರತಿ ತಿಂಗಳೂ ಉಡಿ ತುಂಬಿದವಳು ಅವಳು. ನಟಿ ಎರಡು ಹೊತ್ತು ಉಣ್ಣತೊಡಗಿದರು, ಖಾನಾಪುರದಲ್ಲೆಲ್ಲ ಅವಳನ್ನೇ ಹೊಗಳಿದರು. ಆ ಹೊಗಳಿಕೆ ನನ್ನದಾಗಬೇಕಿತ್ತು ಎಂದು ಈಗಲೂ ಅನ್ನಿಸುತ್ತದೆ. ಆದರೂ ದಾರಿ ಅವಳದೇ ಸರಿ.

ನಿಮ್ಮ ಓಣಿಯಲ್ಲಿ ರಂಗ ಬಿಟ್ಟ ಹೆಣ್ಣುಮಗಳಿದ್ದರೆ ಈ ಶುಕ್ರವಾರ ಅವರನ್ನು ಮನೆಯೊಳಗೆ ಕರೆದು ಉಡಿ ತುಂಬಿರಿ. ಮುಂದಿನ ತಿಂಗಳು ಮತ್ತೆ ಕರೆಯಿರಿ.