ಆವುಲಪ್ಪನ ರಸಮಣಿ

ಚಿಮಣಿ ಹತ್ತುವ ಮೊದಲು ಆವುಲಪ್ಪ ಬಲ ಮುಂಗೈಯ ರಸಮಣಿಯನ್ನು ಒಮ್ಮೆ ಮುಟ್ಟಿಕೊಳ್ಳುತ್ತಿದ್ದ. ಪಾದರಸವನ್ನು ಗಟ್ಟಿ ಮಾಡಿದ ಆ ಮಣಿಯನ್ನು ಕಟ್ಟಿದವಳು ತಾಯಿ ಮುನಿಶಾಮಮ್ಮ. ಅವನ ಅಣ್ಣ ನೀರಿನ ಟ್ಯಾಂಕಿನ ಮೇಲಿಂದ ಬಿದ್ದು ಸತ್ತಿದ್ದ. ಇದು ಕೈಯಲ್ಲಿದ್ದರೆ ನೀನು ಬೀಳುವುದಿಲ್ಲ, ಯಾವತ್ತೂ ಬಿಚ್ಚಬೇಡ ಎಂದು ಅವಳು ಆಣೆ ಮಾಡಿಸಿಕೊಂಡಿದ್ದಳು.

ಆವುಲಪ್ಪನಿಗೆ ಚಿಕ್ಕಬಳ್ಳಾಪುರದ ಒಂದು ಪ್ರಯೋಗಾಲಯದಲ್ಲಿ ಕೆಲಸ. ಚಿಮಣಿಯ ಅಟ್ಟದ ಮೇಲೆ ನಿಂತು, ಹೊಗೆಯೊಳಗೆ ಕೊಳವೆ ತೂರಿಸಿ, ಆ ಗಾಳಿಯನ್ನು ನೇರಳೆ ದ್ರಾವಣದ ಸೀಸೆಗಳಲ್ಲಿ ಹಾಯಿಸಬೇಕು. ಗಾಳಿಯಲ್ಲಿ ಪಾದರಸವಿದ್ದರೆ ಅದು ದ್ರಾವಣದಲ್ಲಿ ಉಳಿಯುತ್ತದೆ. 2008ರಲ್ಲಿ ಗೌರಿಬಿದನೂರಿನ ಹತ್ತಿರ ಆಸ್ಪತ್ರೆಗಳ ಕಸ ಸುಡುವ ಘಟಕವೊಂದರ ಪರೀಕ್ಷೆ ಬಂತು. ಒಡೆದ ಥರ್ಮಾಮೀಟರುಗಳೂ ಅಲ್ಲಿ ಬೆಂಕಿಗೆ ಬೀಳುತ್ತಿದ್ದವು.

ಪ್ರತಿ ಸಲ ಒಂದು ಸೀಸೆಯನ್ನು ಹೊಗೆ ಸೋಕಿಸದೆ ಹಾಗೇ ವಾಪಸು ತರುವುದು ಪದ್ಧತಿ. ಅದರಲ್ಲಿ ಏನೂ ಇರಬಾರದು. ಆ ಸಲ ಅದರಲ್ಲೂ ಪಾದರಸ ಸಿಕ್ಕಿತು. ಕೊಳಕು ನಿಮ್ಮ ಸೀಸೆಯಲ್ಲೇ ಇದೆ, ನಮ್ಮ ಹೊಗೆಯಲ್ಲಲ್ಲ ಎಂದರು ಘಟಕದವರು. ಇನ್ನೊಂದು ಪರೀಕ್ಷೆಗೆ ಮಾತ್ರ ಒಪ್ಪಿದರು. ಹೊಗೆಯಲ್ಲಿ ಪಾದರಸವಿದೆಯೆಂದು ತೋರಿದರೆ ಘಟಕದವರು ಹೊಗೆ ಸೋಸುವ ಏರ್ಪಾಡು ಹಾಕಿಸಬೇಕಿತ್ತು; ಈ ಪರೀಕ್ಷೆಯೂ ಕೆಟ್ಟರೆ ಆ ಮಾತೇ ಬಿದ್ದುಹೋಗುತ್ತಿತ್ತು.

ಪ್ರಯೋಗಾಲಯದ ರಸಾಯನ ಪರೀಕ್ಷಕಿ ತನುಜ ಒಂದು ಸೀಸೆಯನ್ನು ತಾನು ತುಂಬಿದಳು, ಇನ್ನೊಂದನ್ನು ಆವುಲಪ್ಪನಿಂದ ತುಂಬಿಸಿದಳು. ಅವನದರಲ್ಲಿ ಮಾತ್ರ ಪಾದರಸ. ಅವಳ ಕಣ್ಣು ಅವನ ಮುಂಗೈಯ ಸವೆದ ಮಣಿಯ ಮೇಲೆ ನಿಂತಿತು.

"ಆ ಮಣಿಯ ಪಾದರಸವೇ ಸೀಸೆಗೆ ಸೇರ್ತಿದೆ. ಅದನ್ನ ಬಿಚ್ಚಬೇಕಾಗ್ತದೆ, ಆವುಲಪ್ಪ."

"ಬಿಚ್ಚಿ ಹತ್ತಕ್ಕಾಗಲ್ಲ ಮೇಡಂ. ಅಮ್ಮಂಗೆ ಮಾತು ಕೊಟ್ಟಿದೀನಿ."

ಚಿಮಣಿ ಹತ್ತಬಲ್ಲವರು ಅಲ್ಲಿ ಬೇರೆ ಯಾರೂ ಇರಲಿಲ್ಲ.

ಎರಡನೆಯ ಪರೀಕ್ಷೆಯ ದಿನ ಅವನು ತಾಯಿಯನ್ನೇ ಕರೆತಂದ. ತನುಜ ಎಲ್ಲವನ್ನೂ ಬಿಡಿಸಿ ಹೇಳಿದಳು. ಮುನಿಶಾಮಮ್ಮ ಚಿಮಣಿಯನ್ನು ತುದಿಯವರೆಗೆ ನೋಡಿದಳು.

"ಆ ಹೊಗೇಲಿರೋದೂ ಇದೇನಾ?"

ತನುಜ ಹೌದೆಂದಳು.

ಮುದುಕಿಗೆ ಗಂಟು ಬಿಚ್ಚಲು ಬಹಳ ಹೊತ್ತು ಹಿಡಿಯಿತು. ತನುಜ ಮಣಿಯನ್ನು ಗಾಜಿನ ಸೀಸೆಗೆ ಹಾಕಿ ಬಿಗಿಯಾಗಿ ಮುಚ್ಚಿದಳು. ಮುನಿಶಾಮಮ್ಮ ಕೈಚಾಚಿ ಅದನ್ನು ಇಸಿದುಕೊಂಡಳು.

"ನೀನು ಇಳಿಯೋವರೆಗೂ ಇದು ನನ್ ಕೈಲಿರ್ತದೆ. ಜಾಗ್ರತ್ತ ನಾಯನಾ, ಹುಷಾರು ಮಗಾ."

ಆವುಲಪ್ಪ ಕೈ ತೊಳೆದು, ಹೊಸ ಗವಸು ತೊಟ್ಟು ಏಣಿ ಹಿಡಿದ. ಅರ್ಧ ದಾರಿಯಲ್ಲಿ ಅವನ ಎಡಗೈ ತಾನಾಗಿ ಬಲ ಮುಂಗೈ ಹುಡುಕಿತು. ಅಲ್ಲಿ ಏನೂ ಇಲ್ಲ. ಸೊಂಟದ ಬೆಲ್ಟಿನ ಕೊಕ್ಕೆಯನ್ನು ಏಣಿಗೆ ಸಿಕ್ಕಿಸಿ, ಕಬ್ಬಿಣಕ್ಕೆ ಹಣೆಯೊತ್ತಿ ನಿಂತುಬಿಟ್ಟ. ಕೆಳಗೆ ಮುನಿಶಾಮಮ್ಮ ಸೀಸೆಯನ್ನು ಎದೆಗೆ ಒತ್ತಿಕೊಂಡಿದ್ದಳು. ಕೊನೆಗೆ ಕೊಕ್ಕೆ ಕಳಚಿದ ಸದ್ದು ಕೇಳಿತು. ಅವನ ಕಾಲು ಮೇಲಿನ ಮೆಟ್ಟಿಲಿಗೆ ಹೋಯಿತು.

ಹೊಗೆ ಸೋಕದ ಸೀಸೆ ಈ ಸಲ ಶುದ್ಧವಾಗಿತ್ತು. ಹೊಗೆಯ ಸೀಸೆಗಳಲ್ಲಿ ಪಾದರಸವಿತ್ತು. ಘಟಕದವರು ಹೊಗೆ ಸೋಸುವ ಏರ್ಪಾಡಿಗೆ ಒಪ್ಪಿದರು.

ಮಣಿ ಮತ್ತೆ ಅವನ ಮುಂಗೈಗೆ ಬರಲಿಲ್ಲ. ಅವನು ಚಿಮಣಿ ಹತ್ತುವ ದಿನ ಮುನಿಶಾಮಮ್ಮ ಸೀಸೆಯನ್ನು ಮಡಿಲಲ್ಲಿಟ್ಟುಕೊಂಡು ಮನೆಯ ಜಗಲಿಯ ಮೇಲೆ ಕೂರುತ್ತಾಳೆ. ಮಗ ಬಂದ ಮೇಲೆಯೇ ಏಳುತ್ತಾಳೆ.