ಪೋಖರಾದಲ್ಲಿ ಬೈಕು ಕಾದದ್ದು

ಬಾಲ್ಕನಿಯ ಕಪಾಟು ತೆರೆದೊಡನೆ ತುಕ್ಕು ಮತ್ತು ಗ್ರೀಸಿನ ವಾಸನೆ ಮೂಗಿಗೆ ಬಡಿಯಿತು. ಒಳಗಿದ್ದದ್ದು ನನ್ನ ಬೈಕಿನ ಸರಪಳಿ, ಎಮ್ಮೆ ಕಟ್ಟಬಹುದಾದಂಥದ್ದು. ಪಕ್ಕದ ಫ್ಲ್ಯಾಟಿನ ವಿನಯ್ ಮೈಸೂರಿನವನು, ಇಲ್ಲೇ ಪುಣೆಯ ಹಿಂಜವಾಡಿಯಲ್ಲಿ ಕೆಲಸ. ಹೆಂಡತಿಯನ್ನು ಕೂರಿಸಿಕೊಂಡು ಬೈಕಿನಲ್ಲಿ ನೇಪಾಳಕ್ಕೆ ಹೊರಟಿದ್ದಾನೆ.

"ಅಂಕಲ್, ನೀವು ಹೋಗಿ ಬಂದಿದ್ದೀರಲ್ಲ, ಬೈಕ್ ಕಳುವಾಗದ ಹಾಗೆ ಹೇಗೆ ನೋಡ್ಕೊಂಡ್ರಿ? ಸ್ವಲ್ಪ ಟಿಪ್ಸ್ ಕೊಡಿ" ಎಂದ.

ಉಪದೇಶ ಕೇಳಿಕೊಂಡು ಬಂದವರನ್ನು ಪುಣೆಯಲ್ಲಿ ಯಾರೂ ಬರಿಗೈಯಲ್ಲಿ ಕಳಿಸುವುದಿಲ್ಲ. ನಾನು ಧಾರವಾಡದವನಾದರೂ ಇಲ್ಲಿಯ ನೀರು ಕುಡಿದವನು.

ನಮ್ಮ ಕಡೆ ಮಠದ ಮುಂದೆ ಚಪ್ಪಲಿ ಬಿಡುವಾಗ ಒಂದನ್ನು ಈ ಮೂಲೆಗೆ, ಇನ್ನೊಂದನ್ನು ಆ ಮೂಲೆಗೆ ಬಿಡುತ್ತೇವೆ. ಒಂಟಿ ಚಪ್ಪಲಿ ಕಳ್ಳನಿಗೂ ಬೇಡ. ದೇವರೆದುರು ಕಣ್ಣು ಮುಚ್ಚಿದರೂ ಮನಸ್ಸು ಎರಡೂ ಮೂಲೆಗೆ ಓಡಾಡುತ್ತಿರುತ್ತದೆ, ಆ ಮಾತು ಬೇರೆ. ಕೆಲವು ವರ್ಷಗಳ ಹಿಂದೆ ನೇಪಾಳದಲ್ಲಿ ಬೈಕಿಗೂ ಇದೇ ಶಾಸ್ತ್ರ ಮಾಡಿದೆ. ಹ್ಯಾಂಡಲ್ಲಿಗೆ, ಮುಂದಿನ ಗಾಲಿಗೆ, ಸರಪಳಿಗೆ ಒಂದೊಂದು ಬೀಗ. ಕೀಲಿಕೈಗಳು ನನ್ನ ಕಿಸೆಯಲ್ಲಿ, ಕಳಚಿದ ಫ್ಯೂಸು ಹೆಂಡತಿ ಶಾಂತಾಳ ಪರ್ಸಿನಲ್ಲಿ. ಒಬ್ಬರನ್ನು ಬಿಟ್ಟು ಇನ್ನೊಬ್ಬರು ಗಾಡಿ ಶುರು ಮಾಡುವಂತಿರಲಿಲ್ಲ.

ಇಷ್ಟಾದರೂ ನನಗೆ ಧೈರ್ಯವಿಲ್ಲ. ಪರದೇಶದಲ್ಲಿ ಗಾಡಿ ಹೋದರೆ ಯಾವ ಠಾಣೆಯಲ್ಲಿ, ಯಾವ ಭಾಷೆಯಲ್ಲಿ ಅಳುವುದು? ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಜಾತಿ ನನ್ನದಲ್ಲ. ಶಾಂತಾ ಗುಡಿಯೊಳಗೆ ಹೋದರೆ ನಾನು ಹೊರಗೆ ಬೈಕಿನ ದರ್ಶನ ಮಾಡುತ್ತಿದ್ದೆ. ನಾವು ಇಳಿದುಕೊಂಡಿದ್ದ ಮನೆಯೊಡತಿಯ ಸ್ಕೂಟರಿನಲ್ಲಿ ಕೀಲಿಕೈ ಹಗಲೆಲ್ಲ ನೇತಾಡುತ್ತಿತ್ತು. ಪಾಪ, ಲೋಕಜ್ಞಾನ ಇಲ್ಲದ ಹೆಂಗಸು ಎಂದುಕೊಂಡೆ.

ಶಾಂತಾಳ ಮೊಣಕಾಲುಗಳು ಆಗಲೇ ತಕರಾರು ತೆಗೆದಿದ್ದವು. "ಇದೊಂದ್ಸಲ ಹಿಂದ ಕೂತು ಬರ್ತೀನ್ರಿ. ಪೋಖರಾದ ಕೆರ್ಯಾಗ ಇಬ್ರೂ ಕೂಡಿ ದೋಣಿ ಹತ್ತೋಣು. ಆಮ್ಯಾಲ ಗಾಡಿ ಮ್ಯಾಲ ಎಲ್ಲಿಗೂ ಕರೀಬ್ಯಾಡ್ರಿ" ಎಂದೇ ಮನೆ ಬಿಟ್ಟಿದ್ದಳು.

ಕೆರೆಯ ದಂಡೆಗೆ ಬಂದಾಗ ನಾನು, "ನೀ ಹೋಗಿ ಬಾ, ನಾ ಗಾಡಿ ಹತ್ರ ಇರ್ತೀನಿ" ಎಂದೆ.

"ಮೂರು ಕೀಲಿ ಹಾಕೀರಿ, ಫ್ಯೂಸ್ ನನ್ನ ಹತ್ರ ಅದ. ಇನ್ನ ಯಾರು ಒಯ್ತಾರ್ರೀ?"

"ಹೊತ್ಕೊಂಡು ಒಯ್ದ್ರ?"

ಅವಳು ಅಂಬಿಗನ ಕೈ ಹಿಡಿದು ಒಬ್ಬಳೇ ದೋಣಿಗೆ ಇಳಿದಳು. ಹಿಮದ ಪರ್ವತ ನೀರಿನಲ್ಲಿ ಕಾಣುತ್ತಿತ್ತಂತೆ. ನನ್ನ ಬೆನ್ನು ಆ ಕಡೆಗಿತ್ತು. ಅಷ್ಟು ಹೊತ್ತೂ ಬೈಕಿನತ್ತ ಒಬ್ಬನೂ ಕಣ್ಣೆತ್ತಿ ನೋಡಲಿಲ್ಲ. ಸ್ವಲ್ಪ ಅವಮಾನವೂ ಆಯಿತು.

ಅವಳು ತಿರುಗಿ ಬಂದಾಗ ನಾನು ಕೇಳಿದ್ದು ಒಂದೇ: "ಫ್ಯೂಸ್ ತೊಯ್ದಿಲ್ಲ, ಹೌದಿಲ್ಲೋ?"

ಊರಿಗೆ ಬಂದ ಮೇಲೆ ಅವಳ ಮೊಣಕಾಲು ಬೈಕು ಹತ್ತಲು ಒಪ್ಪಲಿಲ್ಲ. ಬೈಕು ಕೆಳಗೆ ಪಾರ್ಕಿಂಗಿನಲ್ಲಿ ಒಂದು ಗೀರೂ ಇಲ್ಲದೆ ಕ್ಷೇಮವಾಗಿದೆ. ಈಗೀಗ ಅದರತ್ತ ನೋಡದೆಯೇ ದಾಟಿ ಹೋಗುತ್ತೇನೆ.

ನನ್ನ ಬೀಗಪುರಾಣ ಮುಗಿದ ಮೇಲೆ ವಿನಯ್ ಕೇಳಿದ: "ಅಂಕಲ್, ಅಲ್ಲಿ ಬೋಟಿಂಗ್ ಹೇಗಿರುತ್ತೆ?"

ಅಡಿಗೆಮನೆಯತ್ತ ತಿರುಗಿ, "ಶಾಂತಾ, ಸ್ವಲ್ಪ ಹೊರಗ ಬಾ. ಕೆರಿ ಹ್ಯಾಂಗಿತ್ತು ಹೇಳು, ನಾನೂ ಕೇಳಬೇಕು" ಎಂದೆ.

ಗೋಡೆ ಹಿಡಿದುಕೊಂಡು ಬಂದು ಕುಳಿತವಳು ನನ್ನನ್ನು ನೋಡಲಿಲ್ಲ, ವಿನಯ್‌ಗೆ ಹೇಳಿದಳು:

"ಭಾಳ ಛಂದ ಇತ್ತಪಾ. ದೋಣ್ಯಾಗ ನನ್ನ ಎದುರಿನ ಹಲಗಿ ಮ್ಯಾಲ ಯಾರೂ ಇರಲಿಲ್ಲ ನೋಡು, ಪರ್ವತ ಪೂರ್ತಿ ಕಾಣಿಸ್ತು."